ಸುಟ್ಟ ಮ್ಯಾಲೆ ಕಡಿಮಿ ಆದದ್ದು

ಮಂಗಳವಾರದ ಅಂಕೋಲಾ ಬಸ್ಸಿಗೆ ಕೆಸರು ಬರತದ,
ಐಸ್ ಡಬ್ಬಿಯೊಳಗ, ಮ್ಯಾಲೆ ಹಸಿ ಗೋಣಿಚೀಲ ಹೊದ್ದು.
ಧಾರವಾಡ ಹೊಸ ಬಸ್‌ಸ್ಟ್ಯಾಂಡಿನಾಗ ಕಂಡಕ್ಟರ
ಮೂಗು ಮುಚ್ಚಿಕೊಂಡು ಕೇಳತಾನ: "ಮೀನೇನ್ರಿ?"
"ಅಲ್ಲೋ, ಮಣ್ಣು."
"ಮಣ್ಣಿಗೆ ಲಗೇಜ್ ಟಿಕೀಟ ಕೊಟ್ಟು ತರಸತೀರಿ,
ನಿಮ್ಮೂರಾಗ ಮಣ್ಣಿಗೇ ಬರ ಬಂದೈತೇನು?"

ಬಂದಿಲ್ಲ. ನಮ್ಮ ಕೆಂಪು ಮಣ್ಣು, ಆಚೆ ನವಲಗುಂದದ ಎರಿ,
ಎರಡನ್ನೂ ಹತ್ತೊಂಬತ್ತು ವರ್ಷ ಜರಡಿ ಹಿಡದಾವ ಈ ಕೈ.
ಇದು ಬ್ಯಾರೆ. ಗಂಗಾವಳಿ ಕಡಲು ಸೇರೋ ಕಡೆ
ಕಾಂಡ್ಲಾ ಗಿಡದ ಬುಡದ್ದು. ಕರೀದು, ಜಿಗಟು,
ಕೊಳತ ತತ್ತಿಯ ವಾಸನಿ,
ನಡುನಡುವ ಹುರಿ ಬಿಚ್ಚಿದ ಹಗ್ಗದಂಗ ಸಣ್ಣ ಬೇರು.

ಚೀಲಕ್ಕೊಂದು ಚೀಟಿ. ಅಳತಿ ಮೆಹಜಬೀನಳದ್ದು:
ಸೊನ್ನೆಯಿಂದ ಹತ್ತು ಸೆಂಟಿಮೀಟರ್. ಹತ್ತರಿಂದ ಇಪ್ಪತ್ತು.
ಕೆಳಗ ಪೆನ್ಸಿಲಿನಾಗ ಇನ್ನೊಂದು ಕೈಬರಹ,
ದೊಡ್ಡ ದೊಡ್ಡ ಅಕ್ಷರ, ನಾಗವೇಣಿ ಹರಿಕಂತ್ರಳದ್ದು.
ಬಳಚು ಆರಿಸಾಕಿ; ಕೊಳವಿ ಹಿಡೀಲಿಕ್ಕೆ ದಿನಗೂಲಿಗೆ ಬಂದಾಕಿ.
"ಇಲ್ಲಿ ಮೊಣಕಾಲ ತನಕ ಹುಗೀತದೆ."
"ಇಲ್ಲಿ ಮೊದಲು ಬಳಚು ಇತ್ತು."
"ಇಲ್ಲಿ ನನ್ನ ಬಳೆ ಬಿದ್ದಿದೆ, ಸಿಕ್ಕಿದ್ರೆ ಹೇಳಿ."

ಮೂರನ್ನೂ ದಾಖಲೆ ಪುಸ್ತಕಕ್ಕ ಏರಿಸಿದೆ.
ಮೂರನೇದಕ್ಕ ಕಾಲಂ ಇರಲಿಲ್ಲ, ಅಂಚಿನಾಗ ಬರದೆ.

ಒಣಗಸತೀನಿ. ಅರೀತೀನಿ. ಮೂಸಿಯೊಳಗ ತೂಗತೀನಿ,
ಹತ್ತು ಗ್ರಾಂ, ಉಸುರು ಬಿಗಿಹಿಡದು; ತಕ್ಕಡಿಗೆ ಉಸುರೂ ಗೊತ್ತಾಗತದ.
ಭಟ್ಟಿ ಐನೂರಾ ಐವತ್ತು ಡಿಗ್ರಿ, ನಾಕು ತಾಸು.
ನಡುವ ಕರೆಂಟ್ ಹೋದ್ರ ಮತ್ತ ಮೊದಲಿಂದ.
ಕರೀದು ಹಾಕಿದ್ದು ಇಟ್ಟಂಗಿ ಬಣ್ಣ ಆಗಿ ಬರತದ:
ಎಂಟು ಗ್ರಾಂ. ಎಂಟೂಕಾಲು.

"ಕಡಿಮಿ ಆತಲ್ಲ" ಅಂದಿದ್ದೆ ಮೊದಲ ದಿನ, ಕದ್ದವರ ದನಿಯಾಗ.
ಮೆಹಜಬೀನ ನಕ್ಕಳು: "ಆ ಕಡಿಮಿ ಆದದ್ದೇ ನಮಗ ಬೇಕು, ಅಕ್ಕಾ.
ಎಲಿ, ಬೇರು, ಏಡಿ ತಿಂದು ಬಿಟ್ಟದ್ದು,
ಗಾಳಿಗೆ ಬಿಡಲಾರದ ಕೆಸರು ಹಿಡಕೊಂಡು ಕೂತಿತ್ತಲ್ಲ, ಅಷ್ಟು."
ಅಂದರ ನನ್ನ ಮೂಸಿಯಾಗ ಉಳದದ್ದು ಬರೀ ಮಣ್ಣು.
ಕಾಡು ಕಿಟಕಿಯಿಂದ ಹೊರಗ ಹೋತು,
ಲೆಕ್ಕ ಕೊಟ್ಟು ಹೋತು.

ನಾ ಕಡಲು ನೋಡಿಲ್ಲ. ಹೇಳಲಿಕ್ಕೆ ನಾಚಿಕಿ ಇಲ್ಲ.
ಆದ್ರ ಅಲ್ಲಿಗೆ ಹೋಗೋ ನೀರು ನೋಡೀನಿ:
ಸೋಮೇಶ್ವರನ ಮಗ್ಗಲ ಹುಟ್ಟೋ ಶಾಲ್ಮಲಾ,
ಒಂದು ಜಿಗಿತಕ್ಕ ದಾಟಬಹುದು ಆಕಿನ್ನ.
ನಮ್ಮ ಓಣಿಯ ಗಟಾರ ಆಕಿಗೆ ಸೇರತದ.
ಮುಂದ ಕಲಘಟಗಿ, ಬೇಡ್ತಿ, ಮಾಗೋಡದಾಗ ದೊಡ್ಡ ಜಿಗಿತ,
ಆಮ್ಯಾಲೆ ಗಂಗಾವಳಿ ಅಂತ ಹೆಸರು ಬದಲಿಸಿ
ದೊಡ್ಡ ಮನಿತನದ ಸೊಸಿಯಂಗ ಕಡಲಿಗೆ ಹೋಗತಾಳ.
ತವರಿನ ಕಸ ಉಡಿಯಾಗ ಕಟಗೊಂಡು.

ಶನಿವಾರ ಮೂರನೇ ಜಾಗದ ಮ್ಯಾಲಿನ ಪದರ ಜರಡಿ ಹಿಡದಾಗ
ಏನೋ ಹೊಳೀತು. ಬಳಿ ಅಂತ ಎದಿ ಹಾರಿತು.
ಭೂತಗನ್ನಡಿಯಾಗ ನೋಡಿದ್ರ ದಾರ, ಗುಲಾಬಿ, ಪಾಲಿಯೆಸ್ಟರ್.
ನನ್ನ ತಂಗಿ ಶಾರವ್ವ ಸೀರಿಗೆ ಫಾಲ್ ಹಚ್ಚತಾಳ,
ತುದಿ ಕಚ್ಚಿ ಹರದು ಬಾಗಲದಿಂದ ಗಟಾರಕ್ಕ ಉಗಳತಾಳ.
"ಇದು ನಮ್ಮ ಮನೀದು" ಅಂದೆ.
ಮೆಹಜಬೀನ ಬಾಳ ಹೊತ್ತು ನೋಡಿದಳು.
"ಯಾರದು ಅಂತ ಹೇಳಲಿಕ್ಕೆ ಬರೂದಿಲ್ಲ ಅಕ್ಕಾ.
ಇತ್ತು ಅಂತ ಮಾತ್ರ ಬರೀಬಹುದು."
ಬರದೆ: ದಾರ, ಒಂದು.

ಮುಂದಿನ ತಿಂಗಳು ಕಾರವಾರದಾಗ ಸಭಾ ಐತಿ.
ಆ ದಂಡಿಗೆ ಕಲ್ಲಿನ ಒಡ್ಡು ಕಟ್ಟೂದೋ, ಗಿಡಾನ್ನ ಬಿಡೂದೋ.
ಮೆಹಜಬೀನ ನಲವತ್ತೊಂದು ಮೂಸಿಯ ಲೆಕ್ಕ ಒಯ್ಯತಾಳ.
ಅವರು ಓದತಾರೋ, ಫೈಲಿನ ಬೆನ್ನು ಸವರಿ ಇಡತಾರೋ.
ನನ್ನ ಕೆಲಸ ಮೂರನೇ ದಶಾಂಶದ ತನಕ.

ಶಾರವ್ವನ ಮುಂದ ಬೆಂಕಿಪೊಟ್ಟಣ ಇಟ್ಟೀನಿ ದಾರದ ತುದಿ ಹಾಕಂತ.
"ಕಡಲೇನು ಕಂಪ್ಲೇಂಟ್ ಮಾಡೇತೇನು?" ಅಂತಾಳ, ಹಾಕತಾಳ.
ಕೆಲವೊಮ್ಮೆ ಮರೀತಾಳ.

ಗಾಜಿನ ಬಳಿಯಾದ್ರ ಐನೂರಾ ಐವತ್ತಕ್ಕ ಕರಗೂದಿಲ್ಲ,
ಕಣ್ಣು ತಪ್ಪಿ ಭಟ್ಟಿಗೆ ಹೋದ್ರೂ ಚೂರು ಉಳೀತದ.
ಇನ್ನೂ ಎಂಟು ಚೀಲ ಅದಾವ.
ಬಣ್ಣ ಯಾವುದು ಅಂತ ಆಕಿ ಬರದಿಲ್ಲ.