ಐವತ್ತೈದು ತುಂಬಿದವರಿಗೆ

ಸಾಂಬ್ರಾ ರಸ್ತೆಗೆ, ಕಬ್ಬಿನ ಹೊಲ ಮುಗಿಯೂವಲ್ಲಿ
ಮುಪ್ಪಿನವರ ಕಾಲನಿಯೊಳಗ ನಮ್ಮದೂ ಒಂದು ಮನಿ,
ಇಪ್ಪತ್ಮೂರನೇ ನಂಬರು.
ಇವರ ಫೌಂಡ್ರಿಯ ಪಿಎಫ್, ನನ್ನ ಎರಡು ಪಾಟಲಿ,
ಉಳಿದದ್ದು ಸೊಸೈಟಿ ಸಾಲ.
ನಾವು ಇರೋದು ವಡಗಾವಿಯ ಮಗ್ಗದ ಓಣಿಯಾಗ, ಬಾಡಿಗಿಗೆ.

ಕಾಗದದ ಮ್ಯಾಲೆ ಮಾಲಕರು.
ಗೇಟಿನ ವಾಚಮನ್ ಕೇಳತಾನ, ‘ಯಾರನ್ನ ನೋಡಾಕ ಬಂದ್ರಿ?’
ಐವತ್ತೈದು ತುಂಬದವರು ಅಲ್ಲಿ ರಾತ್ರಿ ಉಳಿಯೂ ಹಂಗಿಲ್ಲ.
ಇವರಿಗಿನ್ನೂ ಐವತ್ತೊಂದು, ನನಗ ನಾಲ್ವತ್ತಾರು.
ಅಲ್ಲೀತನಕ ಮನಿ ದುಡೀಲಿ ಅಂದ್ರು ಇವರು,
ಅಚ್ಚು ಖಾಲಿ ಇಟ್ರ ಮಣ್ಣು ಒಣಗಿ ಬಿರೀತದ.

ಮಾರ್ಚದಾಗ ವಿಜಯಪುರದಿಂದ ಇಂಗಳೇಶ್ವರ ಬಾಯಾರು,
ಅಲ್ಲಿಯ ಬಿಸಿಲಿಗಿ ಹೆದರಿ, ಒಂದು ಟ್ರಂಕಿನ ಕೂಡ.
ಮೃಗದ ಮಳಿ ಬಿದ್ದ ಮರುದಿನ ಕೀಲಿ ಕೊಟ್ಟು ಹೊಳ್ಳಿ ಹೋಗತಾರ.
ಡಿಸೆಂಬರದಾಗ ಅಧಿವೇಶನ.
ಹತ್ತು ದಿನಕ್ಕ ಎರಡು ತಿಂಗಳ ಬಾಡಿಗಿ,
ಆದ್ರ ಕೇಳಾಕ ಬರೋರೆಲ್ಲಾ ಎಳೇ ಮಂದಿ.
ಒಬ್ಬ ವರದಿಗಾರ ಟೊಪಿಗಿ ತಗದು ಬಕ್ಕತಲಿ ತೋರಿಸಿದ,
ಕಮಿಟಿಯ ಕುಲಗೋಡ ಸಾಹೇಬರು
ಆಧಾರ್ ಕಾರ್ಡ್ ತೋರ್ಸಪಾ ಅಂದ್ರು.

ಆಷಾಢ, ಶ್ರಾವಣ ಯಾರೂ ಇಲ್ಲ.
ಗಾದಿ ಬೂಸು ಹಿಡೀತದಂತ ಬಸ್ ಹತ್ತಿ ಹೋಗತೀವಿ,
ಕಿಡಕಿ ತಗದು, ಚಾ ಕುಡದು, ಆರಕ್ಕ ಹೊರಗ.
ಒಮ್ಮೆ ಬಚ್ಚಲಾ ತಿಕ್ಕೂವಾಗ
ಆ ಕೆಂಪು ಹಗ್ಗ ಸೆರಗಿಗಿ ಸಿಕ್ಕು ಗಂಟಿ ಹೊಡಕೊಂಡು
ನರ್ಸಬಾಯಿ, ವಾಚಮನ್, ವಾಕರ್ ಹಿಡಿದ ಮೂರು ಮಂದಿ!
ಇಷ್ಟು ಮಂದಿ ನನಗಾಗಿ ಎಂದೂ ಓಡಿ ಬಂದಿದ್ದಿಲ್ಲ,
ಹಡಿಯೂ ದಿನಾನೂ.
‘ಏನಾತು?’
‘ಏನಿಲ್ರೀ, ಧೂಳಾ.’
ನಾಚಿಕಿ ಬಂತು.
ಅವರು ಹೋದ ಮ್ಯಾಲೆ
ಮತ್ತೊಮ್ಮೆ ಜಗ್ಗಬೇಕು ಅನಿಸ್ತು.

ಈ ಫೆಬ್ರುವರಿಯಾಗ ಬಾಯಾರ ಫೋನು:
‘ಬರೋದಾಗೂದಿಲ್ಲವಾ, ಮಣಕಾಲು.
ಮುಂಗಡ ನಿಮ್ಮ ಹತ್ರಾನ ಇರಲಿ. ನನ್ನ ಕರಿಬೇವು ಹೆಂಗದ?’
ಮೊದಲ ಸಿಟ್ಟು ಬಂತು, ಕಂತು ಎಲ್ಲಿಂದ ತುಂಬೋದಂತ.
ವಹಿಯೊಳಗ ಮಾರ್ಚಿನ ಸಾಲು ಖಾಲಿ ಬಿಟ್ಟೆ.
ಐತವಾರ ಹೋಗಿ ನೋಡಿದ್ರ ಅಡಗಿಮನಿ ಗ್ವಾಡಿ ತುಂಬ
ಸಿಲಿಂಡರ್ ಹಚ್ಚಿದ ತಾರೀಖು, ಪೆನ್ಸಿಲಿಲೆ, ಮೂರು ಬ್ಯಾಸಗಿದು,
ಹಲಗಿ ಮ್ಯಾಲೆ ಹುಡುಗರಿಗಿ ಬರದಂಗ ದುಂಡಗ.
ಪೇಂಟರಗ ಅಷ್ಟು ಬಿಟ್ಟು ಹಚ್ಚು ಅಂದೀನಿ.

ಇವರು ಬಚ್ಚಲದಾಗ ಭಾಳ ಹೊತ್ತು.
ಹಣಿಕಿದ್ರ, ಸ್ಟೀಲಿನ ಹಿಡಿಕಿ ಮ್ಯಾಲೆ ಕೈ ಇಟ್ಟು,
ಪ್ಯಾಟರ್ನ್ ಅಳಿಯೂವಂಗ, ಕಣ್ಣು ಮುಚ್ಚಿ ನಿಂತಾರ.
‘ನಡುವಿನಷ್ಟು ಹೊಳಪು ಹೋಗೇದ ನೋಡು’ ಅಂದ್ರು,
‘ಯಾರ್ಯಾರೋ ಹಿಡಿದು.
ನಿನಗಿದು ಅರ್ಧ ಇಂಚು ಎತ್ತರ ಆಗತದ.’

ವಾಚಮನ್ ಸೀಟಿ ಊದಿದ, ಆರು.
ಗೇಟು ದಾಟಿದವರು ಹೊಳ್ಳಿ ಬಂದ್ವಿ,
ಕರಿಬೇವಿಗಿ ನೀರು ಹಾಕೋದು ಉಳದಿತ್ತು.