ಜನರೇಟರಿನ ಹಗ್ಗ

ಮದುವೆಗೂ ನಾನೇ, ಸಾವಿಗೂ ನಾನೇ,
ಕೆಜಿಎಫ್‌ನ ಊರಿಗಾಂ ಸುತ್ತ ಮೈಕ್‌ಸೆಟ್ ಅಂದರೆ ನನ್ನದೇ.
ಆವತ್ತು ಗಣಿಯ ಹಳೇ ಕ್ಲಬ್ಬಿನಲ್ಲಿ
ನಾಲ್ಕು ಹುಡುಗರು, ಒಬ್ಬಳು ಹುಡುಗಿ.
ರಾಕ್ ಅಂತೆ.

"ಈ ಹಾಡಿಗೆ ಆರ್ಗನ್ನೇ ಪ್ರಾಣ ಅಣ್ಣಾ" ಅಂದಳು ಫಿಲೋಮಿನಾ.
ಕೀಬೋರ್ಡಿನಲ್ಲಿ ಮೂರು ಮನೆ ಸತ್ತಿದ್ದವು.
ಚರ್ಚಿನ ಕಾಲುಪೆಟ್ಟಿಗೆಯನ್ನು ಗೂಡ್ಸ್ ಆಟೋದಲ್ಲಿ
ಕಂಬಳಿ ಹೊದಿಸಿ, ಬಾಣಂತಿಯನ್ನು ಕರೆತರುವ ಹಾಗೆ ತಂದರು.
ಅದರ ಬೆನ್ನಿಗೆ ಮೈಕ್ ಕಟ್ಟಿದೆ, ಕರ್ಚೀಫು ಸುತ್ತಿ.
ತುಳಿದಾಗೆಲ್ಲ ಕಿರ್ರ್. ಎಣ್ಣೆ ಬಿಟ್ಟರೂ ಕಿರ್ರ್.
"ಇರಲಿ ಬಿಡಿ" ಅಂದ ಡ್ರಮ್ಮಿನ ಇನ್ನಾಸಿ, "ಅದೂ ಒಂದು ತಾಳ."

ಐವತ್ತು ವರ್ಷದ ಹಿಂದಿನ ಹಾಡು, ಯಾವ ಸೀಮೆಯದೋ,
ಮಾತು ನನಗೆ ಹತ್ತಲಿಲ್ಲ.
ಗಿಟಾರು ಬೊಬ್ಬೆ ಹೊಡೆದು
ಸೈನೈಡ್ ದಿಬ್ಬದವರೆಗೂ ಹೋಗಿ ಬಂತು,
ಆಮೇಲೆ

ಕರೆಂಟು ಹೋಯಿತು.

ನನ್ನ ಆರು ಬಾಕ್ಸೂ ಕಲ್ಲಾದವು.
ಗಿಟಾರಿನ ಹುಡುಗ ಬರೀ ತಂತಿ ಕೆರೆಯುತ್ತ ನಿಂತ.
ಅವಳು ನಿಲ್ಲಿಸಲಿಲ್ಲ.
ಕತ್ತಲಲ್ಲಿ ಎರಡು ಕಾಲು, ಒಂದು ತಿದಿ,
ಮರದ ಎದೆ ಏರಿ, ಇಳಿದು, ಏರಿ.
ಪಾಳಿ ಮುಗಿಸಿ ಮೇಲೆ ಬಂದ ನಮ್ಮಪ್ಪ
ರಾತ್ರಿಯೆಲ್ಲ ಉಸಿರೆಳೆಯುತ್ತಿದ್ದದ್ದು ಹೀಗೇ;
ಸ್ವರ ಮಾತ್ರ ಇರಲಿಲ್ಲ.

ಹಿಂದಿನ ಸಾಲಿನವರು ಕುರ್ಚಿ ಎತ್ತಿಕೊಂಡು
ಸದ್ದಾಗದಂತೆ ಮುಂದೆ ಬಂದರು.

ಜನರೇಟರಿನ ಹಗ್ಗ ನನ್ನ ಕೈಯಲ್ಲೇ ಇತ್ತು.
ಎಳೆಯಲಿಲ್ಲ.

ಮರುದಿನ ಬಿಲ್ಲಿನಲ್ಲಿ ಎಂಟು ನಿಮಿಷ ಕಳೆದೆ.
ಯಾಕಣ್ಣಾ ಅಂತ ಕೇಳಿದಳು.
ನನ್ನ ಬಾಕ್ಸು ಸುಮ್ಮನಿದ್ದ ಹೊತ್ತಿಗೆ
ಬಾಡಿಗೆ ಎಲ್ಲಿಂದ ಬಂತಮ್ಮಾ ಅಂದೆ.