ತೂತು ಗಿರಾಕಿಯದು

ಯೆರೆವಾನಿನಲ್ಲಿ ಜನ ರಸ್ತೆ ದಾಟಲೆಂದು ಅಗೆದ
ನೆಲದಡಿಯ ಹಾದಿಯಲ್ಲಿ ನನ್ನ ಅಂಗಡಿ.
ಈ ಕಡೆ ಕಾಲುಚೀಲ ಮಾರುವ ಅರ್ಶೋ,
ಆ ಕಡೆ ನಕಲಿ ಬೀಗದಕೈ ಕೊರೆಯುವವನು.
ಬೆಳಕಿನ ಪೆಟ್ಟಿಗೆ ಬಿಚ್ಚಿ ಕೂಡಿಸುವ ನನಗೆ
ಟ್ಯೂಬ್‌ಲೈಟೇ ಸೂರ್ಯ. ಅದೂ ಮಿಣುಕುತ್ತದೆ,
ಅದೊಂದನ್ನು ನಾನಿನ್ನೂ ರಿಪೇರಿ ಮಾಡಿಲ್ಲ.

ಹೇಘಿನೆ ಎರಡು ಕ್ಯಾಮೆರಾ ತಂದಿಟ್ಟಳು
ಒಂದೇ ಟವೆಲಿನಲ್ಲಿ ಸುತ್ತಿ.

ಡಿಜಿಟಲ್ಲು ಹೋದ ಆಗಸ್ಟಿನಲ್ಲಿ
ಸೆವಾನ್ ಸರೋವರದ ನೀರು ಕುಡಿದಿತ್ತು.
ಬಿಚ್ಚಿದೆ. ಬೋರ್ಡಿನ ಮೇಲೆಲ್ಲ ಹಸಿರು ಕಿಲುಬು,
ತೊಳೆಯದೆ ಬಿಟ್ಟ ತಾಮ್ರದ ಕಾಫಿಪಾತ್ರೆಯ ಅಂಚಿನಂತೆ.
ಕಂಪನಿ ಆ ಬೋರ್ಡು ಮಾಡುವುದನ್ನು ಬಿಟ್ಟು ಆರು ವರ್ಷ.
ಎಲ್ಲಿಂದಲೋ ತರಿಸಬಹುದು, ತರಿಸಿದರೆ
ಮೂಗಿಗಿಂತ ಮೂಗುತಿ ಭಾರ.
"ಹೊಸದು ಕೊಳ್ಳಮ್ಮ" ಎಂದೆ.
ಮೊದಲೆಲ್ಲ ಹೀಗೆನ್ನುವಾಗ ನಾಲಿಗೆ ತಡವರಿಸುತ್ತಿತ್ತು.
ಈಗ ರೂಢಿ.

ಇನ್ನೊಂದು ಜೆನಿತ್, ಅವಳಪ್ಪನದು.
ಹಿಡಿದರೆ ಮಣಿಕಟ್ಟು ವಾಲುವ ತೂಕ.
ಒಳಗೆ ಮುಗಿಯದ ರೀಲು,
ಎಣಿಕೆಯ ಮುಳ್ಳು ಮೂವತ್ತೊಂದಕ್ಕೆ ನಿಂತಿದೆ.
ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ
ಕುರುಡನಂತೆ ರೀಲನ್ನು ಡಬ್ಬಿಗಿಳಿಸಿದೆ.
ಶಟರಿನ ಎಣ್ಣೆ ಜೇನಾಗಿತ್ತು, ತೊಳೆದೆ.
ಪರದೆಯನ್ನು ದೀಪಕ್ಕೆ ಹಿಡಿದರೆ
ಸೂಜಿಮೊನೆಯಷ್ಟು ತೂತು.

"ಇದಕ್ಕೊಂದು ಹನಿ ಕಪ್ಪು ರಬ್ಬರು ಸಾಕು."
"ಬೇಡ" ಅಂದಳು.

ಅಪ್ಪ ತೆಗೆದ ಫೋಟೋಗಳ ಎಡಮೂಲೆಯಲ್ಲೆಲ್ಲ
ಏಪ್ರಿಕಾಟ್ ಬಣ್ಣದ್ದೊಂದು ಚುಕ್ಕೆಯಂತೆ.
ಮದುವೆಯಲ್ಲಿ, ಹಿಮದಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ.
ಅಜ್ಜಿ ತಲೆ ಎಣಿಸುವಾಗ ಅದನ್ನೂ ಸೇರಿಸುತ್ತಿದ್ದಳು:
ನಾವು ಎಂಟು, ಮೂಲೆಯವನೂ ಸೇರಿ ಒಂಬತ್ತು.
ಮಕ್ಕಳು ಅವನಿಗೊಂದು ಹೆಸರಿಟ್ಟಿದ್ದರು.
ಹೆಸರು ನನಗೆ ಹೇಳಲಿಲ್ಲ.

"ಅಪ್ಪನಿಗೆ ತೂತಿನ ವಿಷಯ ಗೊತ್ತಿತ್ತಾ?"
"ಗೊತ್ತಿಲ್ಲದೆ? ನಮ್ಮನ್ನು ನಿಲ್ಲಿಸುವಾಗ
ಅವನಿಗೂ ಒಂದಿಷ್ಟು ಜಾಗ ಬಿಡುತ್ತಿದ್ದ."

ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ಸೆರೋಬ್ ಇದ್ದಿದ್ದರೆ
ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳಗೆಣ್ಣಿಗೆ ಬಡಿಯುತ್ತಿದ್ದ,
ಸೋರುವ ಕ್ಯಾಮೆರಾ ಕೈಯಿಂದಾಚೆ ಬಿಡ್ತೀಯೇನೋ, ಕತ್ತೆ!
ಅವಳು ಹೋದ ಮೇಲೆ ಕುಂಚ ಅದ್ದಿದೆ.
ಒರೆಸಿದೆ.
ಮಾರನೇ ದಿನ ಇನ್ನೊಮ್ಮೆ ಅದ್ದಿ,
ಅದೂ ಬಿರಡೆಯ ಮೇಲೇ ಒಣಗಿತು.

ಗುರುವಾರ ಬಂದಳು. ಚೀಟಿ ಕೊಟ್ಟೆ:
ಶಟರ್ ತೊಳೆದಿದೆ. ಮುಳ್ಳು ಸರಿಯಾಗಿದೆ.
ತೂತು ಗಿರಾಕಿಯದು.

ಓದಿ ನಕ್ಕಳು, ಪೂರ್ತಿ ನಗಲಿಲ್ಲ.
ಡಿಜಿಟಲ್ಲು ಇಲ್ಲೇ ಇರಲಿ ಅಂದಳು;
ನಾಲ್ಕು ತಿರುಪು, ಒಂದು ಸ್ಪ್ರಿಂಗು
ಆಗಲೇ ನನ್ನ ಬೆಂಕಿಪೊಟ್ಟಣದಲ್ಲಿದ್ದವು,
ಹೇಳಲಿಲ್ಲ.

"ಐದು ಉಳಿದಿವೆ" ಅಂದಳು. "ಒಂದನ್ನು ಇಲ್ಲೇ ನೋಡಿಬಿಡೋಣ."
ಜೆನಿತನ್ನು ಕಣ್ಣಿಗೇರಿಸಿದಳು.
ಅರ್ಶೋ ಕಾಲುಚೀಲ ಬಿಟ್ಟು ಇಣುಕಿದಳು.
ನಾನು ಕೈಯೊರೆಸಿಕೊಂಡೆ,
ಅವಳ ಎಡ ಯಾವುದೆಂದು ಲೆಕ್ಕ ಹಾಕಿ
ಸ್ಟೂಲನ್ನು ಒಂದು ಗೇಣು
ಆಚೆ ಎಳೆದುಕೊಂಡೆ.